ಕುಂದಾಣಿಯ ಸಿಂಹಾಸನ ಉಳಿದಿದ್ದರೆ ಬೆಂಗಳೂರು ಯಾರ ಪಾಲಾಗುತ್ತಿತ್ತು?

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದರೆ ಒಂದು ರಾಜಧಾನಿಯ ಕಡೆಗೆ, ಎಲೆಕ್ಟ್ರಾನಿಕ್ ಸಿಟಿಯಿಂದ ಹೊಸೂರು ರಸ್ತೆ ಹಿಡಿದರೆ ಇನ್ನೊಂದರ ಕಡೆಗೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ನೆಲದ ಸ್ಥಿತಿ ಹೆಚ್ಚುಕಡಿಮೆ ಹೀಗಿತ್ತು. ಪಶ್ಚಿಮದಲ್ಲಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು. ಆಗ್ನೇಯದಲ್ಲಿ ಕುಂದಾಣಿ. ಎರಡೂ ಕಡೆ ಆಳುತ್ತಿದ್ದವರು ಹೊಯ್ಸಳರೇ, ಒಬ್ಬನೇ ತಂದೆಯ ಮಕ್ಕಳು.

ಕಥೆ ಆರಂಭವಾಗುವುದು ಸೋಮೇಶ್ವರನಿಂದ. ಆಳ್ವಿಕೆಯ ಬಹುಕಾಲವನ್ನು ಈತ ಕಳೆದದ್ದು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ. 1254ರ ಸುಮಾರಿಗೆ ರಾಜ್ಯವನ್ನು ಇಬ್ಬರು ರಾಣಿಯರ ಮಕ್ಕಳಿಗೆ ಹಂಚಲಾಯಿತು. ಮುಮ್ಮಡಿ ನರಸಿಂಹನಿಗೆ ದೋರಸಮುದ್ರದ ಗದ್ದುಗೆ. ರಾಮನಾಥನಿಗೆ ತಮಿಳು ಸೀಮೆ ಮತ್ತು ಅದಕ್ಕೆ ಹೊಂದಿಕೊಂಡ ಕೋಲಾರದ ಭಾಗ. 1279ರ ವೇಳೆಗೆ ಪಾಂಡ್ಯರು ರಾಮನಾಥನನ್ನು ಕಾವೇರಿ ತೀರದಿಂದ ಹೊರದೂಡಿದರು. ನೆಲೆ ತಪ್ಪಿದ ಆತ ಅಣ್ಣತಮ್ಮಂದಿರ ನಡುವಿನ ಎಲ್ಲೆಯನ್ನೇ ಒತ್ತತೊಡಗಿದ. ಕುಂದಾಣಿ ಆತನ ಹೊಸ ರಾಜಧಾನಿಯಾಯಿತು. ದೇವನಹಳ್ಳಿ ಬಳಿಯ ಕುಂದಾಣವೇ ಅದೆಂಬ ವಾದವೂ ಉಂಟು. ಆದರೆ ಇಂದಿನ ಕೃಷ್ಣಗಿರಿ ಜಿಲ್ಲೆಯ ಕುಂದಾಣಿ ಎಂಬುದೇ ಹೆಚ್ಚು ಒಪ್ಪಿತವಾದ ಅಭಿಪ್ರಾಯ.

ಈ ಒಡಕಿನ ಕುರುಹು ನಮ್ಮ ನಿತ್ಯದ ಸಂಚಾರದ ಹಾದಿಯಲ್ಲಿಯೇ ಇದೆ. ವೈಟ್‌ಫೀಲ್ಡಿನತ್ತ ಸಾಗುವ ಹಳೆಯ ವಿಮಾನ ನಿಲ್ದಾಣ ರಸ್ತೆಯ ಆರಂಭದಲ್ಲಿರುವ ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿ ರಾಮನಾಥನ ಹೆಸರಿನ ದಾನಶಾಸನವಿದೆ. ಭಾಷೆ ತಮಿಳು. ಬೆಂಗಳೂರು ಯಾರದು ಎಂಬ ಜಗಳ ಎದ್ದಾಗಲೆಲ್ಲ ಇಂತಹ ಕಲ್ಲುಗಳನ್ನು ಸಾಕ್ಷಿಗೆ ಎಳೆದು ತರುವವರಿದ್ದಾರೆ. ಅವು ಇಲ್ಲವೆಂಬಂತೆ ಮುಖ ತಿರುಗಿಸುವವರೂ ಇದ್ದಾರೆ.

ರಾಮನಾಥನ ಬಳಿಕ 1295ರ ಸುಮಾರಿಗೆ ಪಟ್ಟಕ್ಕೆ ಬಂದವನು ಆತನ ಮಗ ವಿಶ್ವನಾಥ. ಐದಾರು ವರ್ಷಗಳಲ್ಲಿ ಆತನ ಹೆಸರು ಶಾಸನಗಳಿಂದ ಮರೆಯಾಗುತ್ತದೆ. ಅಷ್ಟರಲ್ಲಿ ದೋರಸಮುದ್ರದಲ್ಲಿ ನರಸಿಂಹನ ಮಗ ಮುಮ್ಮಡಿ ಬಲ್ಲಾಳ ಗದ್ದುಗೆಯೇರಿದ್ದ. ದಾಯಾದಿಯ ರಾಜ್ಯ ಆತನ ಕೈಸೇರಿತು. 1301ರಲ್ಲಿ ಆತ ಹೊರಡಿಸಿದ ಆಜ್ಞೆಯೊಂದು ಈ ಭಾಗದ ಹಲವು ದೇವಾಲಯಗಳಲ್ಲಿ ಕೆತ್ತಲ್ಪಟ್ಟಿದೆ. ಕುಂದಾಣಿ ರಾಜ್ಯ, ಕೋಲಾರ, ಕೈವಾರ, ಯಲಹಂಕ ಮುಂತಾದ ನಾಡುಗಳ ಮಠ ಮತ್ತು ದೇವಸ್ಥಾನಗಳ ಮುಖ್ಯಸ್ಥರನ್ನು ಕುರಿತ ಆಜ್ಞೆ ಅದು. ದೇವರ ಭೂಮಿಗಳ ಮೇಲಿನ ತೆರಿಗೆಗಳನ್ನು ಬಿಟ್ಟಿದ್ದೇವೆ, ಪೂಜೆ ಮತ್ತು ಜೀರ್ಣೋದ್ಧಾರ ನಡೆಸಿಕೊಂಡು ನಮ್ಮ ಹಾಗೂ ನಮ್ಮ ರಾಜ್ಯದ ಏಳಿಗೆಗಾಗಿ ಪ್ರಾರ್ಥಿಸಿರಿ ಎಂಬುದು ಅದರ ತಾತ್ಪರ್ಯ. ಹೊಸ ಅರಸನಿಗೆ ಈ ಸೀಮೆಯ ನಿಷ್ಠೆ ಪುಕ್ಕಟೆಯಾಗಿ ಸಿಗಲಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ವಿಶ್ವನಾಥನ ವಂಶ ಮುಂದುವರಿದಿದ್ದರೆ? ಈ ಪ್ರಶ್ನೆಗೆ ನಮ್ಮ ಕಾಲದವರಿಗೆ ಮೊದಲು ತೋಚುವ ಉತ್ತರ, ಬೆಂಗಳೂರಿನ ಪೂರ್ವಭಾಗ ತಮಿಳುನಾಡಿಗೆ ಸೇರಿರುತ್ತಿತ್ತು ಎಂಬುದು. ಅದು ನಿಲ್ಲುವ ಮಾತಲ್ಲ. ರಾಜ್ಯವನ್ನು ಒಂದುಗೂಡಿಸಿದ ಬಲ್ಲಾಳನ 1301ರ ಆಜ್ಞೆಯೂ ಈ ಭಾಗದಲ್ಲಿ ತಮಿಳಿನಲ್ಲಿಯೇ ಇದೆ. ಕಲ್ಲಿನ ಭಾಷೆ ಆ ಊರಿನ ಜನರಿಗೆ, ದೇವಸ್ಥಾನದ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದೇ ಹೊರತು ಅರಸನ ಬಾವುಟವಾಗಿರಲಿಲ್ಲ. ಮೇಲಾಗಿ ಕುಂದಾಣಿ ಇಂದು ನೆರೆರಾಜ್ಯದಲ್ಲಿರುವುದಕ್ಕೆ ರಾಮನಾಥನೂ ಕಾರಣನಲ್ಲ, ಬಲ್ಲಾಳನೂ ಅಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಸೀಮೆ ಕಂಪನಿಯ ವಶವಾಯಿತು. ಗಡಿಗೆ ನಿಜವಾದ ಬುನಾದಿ ಬಿದ್ದದ್ದು ಅಲ್ಲಿ.

ವ್ಯತ್ಯಾಸವಾಗಬಹುದಾಗಿದ್ದುದು ಬೇರೊಂದು ಕಡೆ. 1310ರಲ್ಲಿ ಮಧುರೆಯ ಪಾಂಡ್ಯ ಸಿಂಹಾಸನಕ್ಕಾಗಿ ಸುಂದರ ಪಾಂಡ್ಯ ಮತ್ತು ವೀರ ಪಾಂಡ್ಯರು ಕಾದಾಡುತ್ತಿದ್ದರು. ತಮ್ಮ ಮನೆಯ ಒಡಕನ್ನು ಒಂಬತ್ತು ವರ್ಷದ ಹಿಂದಷ್ಟೇ ಮುಚ್ಚಿದ್ದ ಬಲ್ಲಾಳ ನೆರೆಮನೆಯ ಒಡಕಿನ ಲಾಭ ಪಡೆಯಲು ದಂಡೆತ್ತಿ ದಕ್ಷಿಣಕ್ಕೆ ನಡೆದ. ಅದೇ ವೇಳೆಗೆ ದೆಹಲಿಯ ಮಲಿಕ್ ಕಾಫರ್ ದೋರಸಮುದ್ರದತ್ತ ಧಾವಿಸಿದ. ಸುದ್ದಿ ತಿಳಿದು ಬಲ್ಲಾಳ ಹಿಂದಿರುಗಿದನಾದರೂ 1311ರಲ್ಲಿ ಶರಣಾಗಿ ಸಂಪತ್ತನ್ನು ಒಪ್ಪಿಸಬೇಕಾಯಿತು. ನಡುವೆ ಕುಂದಾಣಿಯ ರಾಜ್ಯ ಇನ್ನೂ ನಿಂತಿದ್ದರೆ, ಪಕ್ಕದಲ್ಲಿ ಹಗೆಯ ದಾಯಾದಿಯನ್ನು ಬಿಟ್ಟು ಪಾಂಡ್ಯರ ನಾಡಿನವರೆಗೆ ಹೋಗುವ ಧೈರ್ಯ ಆತನಿಗೆ ಬರುತ್ತಿರಲಿಲ್ಲ. ರಾಜಧಾನಿಯಲ್ಲಿ ಸೈನ್ಯವಿರುತ್ತಿತ್ತು. ಅರ್ಧ ರಾಜ್ಯದ ಸೈನ್ಯ ದೆಹಲಿಯ ದಂಡನ್ನು ತಡೆಯುತ್ತಿತ್ತೇ? ಬಹುಶಃ ಇಲ್ಲ. ಆದರೆ ಅಷ್ಟು ಸುಲಭವಾಗಿ ಬಾಗಿಲು ತೆರೆಯುತ್ತಿರಲಿಲ್ಲ.

ದಕ್ಷಿಣದ ಸೆಳೆತ ಬಲ್ಲಾಳನನ್ನು ಕೊನೆಯವರೆಗೂ ಬಿಡಲಿಲ್ಲ. ಮಧುರೆಯ ಸುಲ್ತಾನರೊಡನೆ ಸೆಣಸುತ್ತ ಆತ ಸೆರೆಸಿಕ್ಕಿ ಹತನಾದದ್ದು 1342ರ ಸುಮಾರಿಗೆ. ಆಗ ಆತ ಮುತ್ತಿಗೆ ಹಾಕಿದ್ದ ಕೋಟೆ, ಒಮ್ಮೆ ರಾಮನಾಥನ ರಾಜಧಾನಿಯಾಗಿದ್ದ ಕಣ್ಣನೂರು.