ಬನವಾಸಿ ನಾಡಿನ ಒಂದು ವಿದ್ಯಾಸ್ಥಾನ

ಶಿರಸಿಯಿಂದ ಬನವಾಸಿಗೆ ಹೋದವರು ಮಧುಕೇಶ್ವರನ ದರ್ಶನ ಮಾಡಿಕೊಂಡು ಹಿಂದಿರುಗುವದುಂಟು. ಆದರೆ ‘ಬನವಾಸಿ ಪನ್ನಿರ್ಚ್ಛಾಸಿರ’ವೆಂಬ ಹಳೆಯ ನಾಡಿಗೆ ಚಾಲುಕ್ಯರ ಕಾಲದಲ್ಲಿ ರಾಜಧಾನಿಯಾಗಿದ್ದ ಬಳ್ಳಿಗಾವಿಯನ್ನು ಕಂಡವರು ವಿರಳ. ಅದು ಇಂದು ಶಿಕಾರಿಪುರ ತಾಲೂಕಿನ ಒಂದು ಹಳ್ಳಿ. ವಿದ್ಯೆಯು ಯಾರಿಗಾಗಿ, ಏತಕ್ಕಾಗಿ ಎಂಬ ಪ್ರಶ್ನೆಗೆ ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕೊರೆದಿಟ್ಟ ಉತ್ತರವೊಂದು ಆ ಊರಿನದು.

ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವರದು. ಕಳಚುರಿ ಬಿಜ್ಜಳನ ಕಾಲದ, 1162ನೆಯ ಇಸವಿಯ ಶಾಸನವು ಆಚಾರ್ಯ ವಾಮಶಕ್ತಿಯ ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ನಾಲ್ಕು ವೇದಗಳು, ಪುರಾಣ, ಕಾವ್ಯ, ನಾಟಕಗಳು ಅಲ್ಲಿಯ ಪಾಠಗಳಾಗಿದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ವ್ಯಾಕರಣದಲ್ಲಿ ಪಾಣಿನಿಯೊಡನೆ ಜೈನನಾದ ಶಾಕಟಾಯನನ ಶಬ್ದಾನುಶಾಸನಕ್ಕೂ, ದರ್ಶನಗಳಲ್ಲಿ ನ್ಯಾಯ, ಮೀಮಾಂಸೆಗಳೊಡನೆ ಬೌದ್ಧಮತಕ್ಕೂ ಸ್ಥಾನವಿತ್ತು. ತನ್ನದಲ್ಲದ ಮತವನ್ನು ಖಂಡಿಸುವದಕ್ಕಾದರೂ ಮೊದಲು ಅದನ್ನು ಓದಬೇಕಷ್ಟೆ!

ಇದಕ್ಕಿಂತಲೂ ಮನನೀಯವಾದ ಮಾತು ಮುಂದಿದೆ. ಅದೇ ಮಠವು ದೀನರಿಗೂ ಅನಾಥರಿಗೂ, ಕುರುಡ, ಕುಂಟ, ಕಿವುಡರಿಗೂ ಅನ್ನವಿಕ್ಕುವ ಸ್ಥಾನವಾಗಿತ್ತು, ಗಾಯಕರು, ವಾದಕರು, ನರ್ತಕರಿಗೂ ಅಲ್ಲಿ ಊಟವಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಪಾಠಶಾಲೆ, ಅನ್ನಸತ್ರ, ಚಿಕಿತ್ಸಾಲಯಗಳು ಒಂದೇ ಆವರಣದೊಳಗೆ, ಒಂದೇ ಭೂದತ್ತಿಗಳ ಉತ್ಪನ್ನದಿಂದ ನಡೆಯುತ್ತಿದ್ದವು. ಶಬ್ದಶಾಸ್ತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಯ ಕಣ್ಣೆದುರಿಗೇ ಹಸಿದವನೂ ಜ್ವರಪೀಡಿತನೂ ಇರುತ್ತಿದ್ದರು. ಈ ನೆರೆಹೊರೆಯೇ ಅಲ್ಲಿಯ ಶಿಕ್ಷಣದ ಬಹುಭಾಗವಾಗಿದ್ದಿತೆಂದು ನಾನು ಎಣಿಸುತ್ತೇನೆ.

ಹಾಗೆಂದು ಎಲ್ಲ ಜಾತಿಯ ಮಕ್ಕಳೂ ಅಲ್ಲಿ ಓದುತ್ತಿದ್ದರೆಂದು ಹೇಳುವ ಧೈರ್ಯ ನಮಗಿಲ್ಲ. ಹೆಣ್ಣುಮಕ್ಕಳ ವ್ಯಾಸಂಗದ ಮಾತಂತೂ ಆ ದೀರ್ಘವಾದ ಪಟ್ಟಿಯಲ್ಲಿ ಕಾಣುವದಿಲ್ಲ. ಸ್ತ್ರೀಯರು ದಾನ ಕೊಡಬಹುದಾಗಿತ್ತು: ಹನ್ನೊಂದನೆಯ ಶತಮಾನದಲ್ಲಿ ನಾಗಿಯಕ್ಕನೆಂಬವಳು ಇದೇ ಬಳ್ಳಿಗಾವಿಯಲ್ಲಿ ತಾರಾಭಗವತಿಯ ವಿಗ್ರಹವನ್ನು ಮಾಡಿಸಿದಳು. ದಾನಿಯ ಹೆಸರು ಕಲ್ಲನ್ನೇರಿತು. ವಿದ್ಯಾರ್ಥಿನಿಯ ಹೆಸರು ಏರಲಿಲ್ಲ.

ಆ ಮಠದಲ್ಲಿ ದರ್ಶನಗಳ ವ್ಯಾಖ್ಯಾನ ನಡೆಯುತ್ತಿದ್ದ ಅದೇ ಶತಮಾನದಲ್ಲಿ, ಅದೇ ಸೀಮೆಯ ಉಡುತಡಿಯ ಮಹಾದೇವಿಯಕ್ಕನು ಮನೆ ಬಿಟ್ಟು ಕಲ್ಯಾಣಕ್ಕೆ ನಡೆದಳು. ಅಲ್ಲಿ ಶರಣರ ಸಭೆಯಲ್ಲಿ ಅವಳನ್ನು ಕಠಿನವಾಗಿ ಪರೀಕ್ಷಿಸಿದವನು ಅಲ್ಲಮಪ್ರಭುವೆಂದೂ, ಅವಳು ಒಂದೊಂದು ಪ್ರಶ್ನೆಗೂ ಎದುರು ನಿಂತು ಉತ್ತರವಿತ್ತಳೆಂದೂ ‘ಶೂನ್ಯಸಂಪಾದನೆ’ಯು ಹೇಳುತ್ತದೆ. ಆ ಪರೀಕ್ಷಕನ ಹುಟ್ಟೂರು ಬಳ್ಳಿಗಾವಿ.