ಜೀವಂತ ಉಯಿಲು: ಆಯ್ಕೆ ಮತ್ತು ಆರೈಕೆ

2024ರ ಮೇ 31ರಂದು ಬಾಂಬೆ ಹೈಕೋರ್ಟಿನ ಗೋವಾ ಪೀಠದ ನ್ಯಾಯಮೂರ್ತಿ ಎಂ. ಎಸ್. ಸೋನಕ್ ಅವರು ಪರ್ವರಿಯಲ್ಲಿ ತಮ್ಮ ‘ಜೀವಂತ ಉಯಿಲು’ ನೋಂದಾಯಿಸಿದರು. ಗೋವಾದಲ್ಲಿ ಅದು ಮೊದಲನೆಯದು.

ಉಯಿಲಿಗೆ ಕನ್ನಡದಲ್ಲಿ ‘ಮರಣಶಾಸನ’ವೆಂದೂ ಮರಾಠಿಯಲ್ಲಿ ‘ಮೃತ್ಯುಪತ್ರ’ವೆಂದೂ ಹೆಸರುಂಟು. ಅವು ಆಸ್ತಿಯನ್ನು ಕುರಿತವು. ಮರಣಾನಂತರ ಜಾರಿಗೆ ಬರುವಂಥವು. ಜೀವಂತ ಉಯಿಲಾದರೋ ದೇಹವನ್ನು ಕುರಿತದ್ದು. ಗುಣವಾಗುವ ಆಸೆಯಿಲ್ಲದೆ, ಮಾತೂ ನಿಂತಾಗ ಯಾವ ಚಿಕಿತ್ಸೆ ಬೇಡವೆಂಬುದನ್ನು ಅದು ವ್ಯಕ್ತಿಯ ಪರವಾಗಿ ನುಡಿಯುತ್ತದೆ. ಚುಚ್ಚುಮದ್ದಿನಿಂದ ಪ್ರಾಣ ತೆಗೆಯುವುದು ಇಂದಿಗೂ ಅಪರಾಧವೇ. ಆದ್ದರಿಂದ ಇದನ್ನು ‘ದಯಾಮರಣ’ವೆಂದಷ್ಟೇ ಕರೆದರೆ ಅರ್ಥ ಮಸುಕಾಗುತ್ತದೆ.

ಈ ಹಕ್ಕಿನ ಚರಿತ್ರೆಯಲ್ಲಿ ನೆರೆಯ ಉತ್ತರ ಕನ್ನಡದ ಹಳದೀಪುರದ ಹೆಸರಿದೆ. ಅಲ್ಲಿನ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಹಲ್ಲೆಯಿಂದ ಪ್ರಜ್ಞಾಶಕ್ತಿ ಕಳೆದುಕೊಂಡು, 2015ರ ಮೇ 18ರವರೆಗೆ ಅಲ್ಲಿಯೇ ಹಾಸಿಗೆ ಹಿಡಿದಿದ್ದರು. ಅವರಿಗೆ ಉಣಿಸುವುದನ್ನು ನಿಲ್ಲಿಸಬೇಕೆಂಬ ಪಿಂಕಿ ವಿರಾನಿ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ದಶಕಗಳ ಕಾಲ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯ ಇಚ್ಛೆಗೇ ಬೆಲೆಕೊಟ್ಟಿತು. ಆದರೆ ತಕ್ಕ ಸಂದರ್ಭದಲ್ಲಿ ಚಿಕಿತ್ಸೆ ನಿಲ್ಲಿಸಬಹುದೆಂಬ ತತ್ತ್ವವನ್ನು ಅದೇ ತೀರ್ಪಿನಲ್ಲಿ ಅಂಗೀಕರಿಸಿತು. 2018ರ ಮಾರ್ಚ್ 9ರಂದು ಜೀವಂತ ಉಯಿಲಿಗೆ ಮಾನ್ಯತೆ ದೊರೆಯಿತು. 2023ರಲ್ಲಿ ವಿಧಾನ ಸರಳಗೊಂಡಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಅದನ್ನು ಜಾರಿಗೊಳಿಸಲು ಎರಡು ವೈದ್ಯ ಮಂಡಳಿಗಳ ಒಪ್ಪಿಗೆ ಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಈ ಕುರಿತು ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಅವರು ಇದಕ್ಕಾಗಿ ದೀರ್ಘಕಾಲ ಹೋರಾಡಿದ್ದರು.

ಚಿಕಿತ್ಸೆ ನಿಂತರೂ ಆರೈಕೆ ನಿಲ್ಲುವಂತಿಲ್ಲ. ನೋವು ತಗ್ಗಿಸುವುದು, ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಮನೆಯವರಿಗೆ ಧೈರ್ಯ ಹೇಳುವುದು ಉಪಶಾಮಕ ಆರೈಕೆಯ ಕೆಲಸ. ಗೋವಾದ ಲೋಟಲಿಯಲ್ಲಿರುವ ಶಾಂತಿ ಆವೇದನಾ ಸದನ, ಬೆಂಗಳೂರಿನ ಕರುಣಾಶ್ರಯ ಇವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಂದ ಹಣ ಪಡೆಯುವುದಿಲ್ಲ. ಹಾಗೆಂದು ಅಲ್ಲಿ ವೆಚ್ಚವಿಲ್ಲವೆಂದಲ್ಲ. ಅದನ್ನು ದಾನಿಗಳು ಹೊರುತ್ತಾರೆ. ಇಂಥ ಆಶ್ರಯ ಸಿಗದ ಕುಟುಂಬದಲ್ಲಿ ಒಬ್ಬರು ದುಡಿಮೆ ಬಿಟ್ಟು ರೋಗಿಯ ಬಳಿ ಕೂರಬೇಕಾಗುತ್ತದೆ; ಆ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣದು.

ಹಣ ತೀರಿತೆಂದು ಚಿಕಿತ್ಸೆ ಬಿಡುವುದಕ್ಕೂ, ಆಲೋಚಿಸಿ ಬೇಡವೆನ್ನುವುದಕ್ಕೂ ಅಂತರವಿದೆ. ಮೊದಲನೆಯದು ಅಸಹಾಯಕತೆ, ಎರಡನೆಯದು ಆಯ್ಕೆ. ಆರೈಕೆ ಎಲ್ಲರ ಕೈಗೆಟುಕಿದಾಗ ಮಾತ್ರ ಕಾನೂನು ಕೊಟ್ಟ ಆಯ್ಕೆ ನಿಜವಾದ ಆಯ್ಕೆಯಾದೀತು.