ತಿಂಗಳಿಗೊಮ್ಮೆ ಬರುವ ಕ್ಲಿಪ್ ಡಾಕ್ಟ್ರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟ್ರಿಗೆ ಸ್ವಂತ ಕ್ಲಿನಿಕ್ ಇಲ್ಲದಿದ್ದರೂ ನಡೆಯುತ್ತದೆ. ಕಾರು, ಬ್ಯಾಗು, ಕ್ಯಾಲೆಂಡರು ಇಲ್ಲದಿದ್ದರೆ ಆಗದು. ಹುಳುಕು ತುಂಬುವುದು, ರೂಟ್ ಕೆನಾಲ್, ಹಲ್ಲು ಕೀಳುವುದು ಎಲ್ಲ ಊರಿನ ದಂತವೈದ್ಯರ ಪಾಲು. ಉಬ್ಬು ಹಲ್ಲು, ಸೊಟ್ಟ ಹಲ್ಲುಗಳ ಪಾಲಿನ ಎಂಡಿಎಸ್ ತಜ್ಞರು ಬಹುಮಟ್ಟಿಗೆ ಮಂಗಳೂರು ಕಡೆಯಿಂದ ತಿಂಗಳಿಗೆ ಒಂದೋ ಎರಡೋ ದಿನ ಅದೇ ಕ್ಲಿನಿಕ್ಕಿಗೆ ಬಂದು ಹೋಗುತ್ತಾರೆ. ಒಬ್ಬೊಬ್ಬರಿಗೆ ಇಂಥ ನಾಲ್ಕೈದು ಊರು.

ಬೆಳ್ತಂಗಡಿಯ ಅಂಥದೊಂದು ಕ್ಲಿನಿಕ್ಕಿಗೆ ಹೋದದ್ದು ಡಾಕ್ಟ್ರನ್ನು ಮಾತಾಡಿಸಲು. ಆದರೆ ಕೂತು ಕೇಳಿದ್ದು ಹೆಚ್ಚಾಗಿ ಅಲ್ಲಿನ ಸಹಾಯಕಿಯ ಮಾತನ್ನು. ಮಕ್ಕಳು, ಡಾಕ್ಟ್ರು, ಎದುರಿನ ಮೆಡಿಕಲ್‌ನವರು, ಎಲ್ಲರಿಗೂ ಅವರು ಅಕ್ಕ. ಕಂಪ್ಯೂಟರ್ ಇದ್ದರೂ ಅವರ ಲೆಕ್ಕವೆಲ್ಲ ಉದ್ದದ ರೂಲ್ಡ್ ಪುಸ್ತಕದಲ್ಲಿ. ಹೆಸರು, ಫೋನ್ ನಂಬರಿನ ಪಕ್ಕ ಇನ್ನೆರಡು ಕಾಲಂ: ಬರುವ ಬಸ್ಸು ಯಾವುದು, ಹಾಕಿಸಿಕೊಳ್ಳುವ ರಬ್ಬರಿನ ಬಣ್ಣ ಯಾವುದು. ವೇಣೂರು ಕಡೆಯವರನ್ನು ಬೆಳಿಗ್ಗೆಯೇ ಕರೆಯಬೇಕು, ಮುಂಡಾಜೆ ಕಡೆಯವರು ಮಧ್ಯಾಹ್ನ ಬಂದರೂ ಸಂಜೆಯೊಳಗೆ ಮನೆ ಸೇರುತ್ತಾರೆ, ಪರೀಕ್ಷೆ ತಿಂಗಳಲ್ಲಿ ಹೈಸ್ಕೂಲಿನವರನ್ನು ಕಾಯಿಸಬಾರದು. ಇವೆಲ್ಲ ಅವರೇ ಮಾಡಿಕೊಂಡ ಕಾನೂನು. ಡಾಕ್ಟ್ರು ಬರುವ ಎರಡು ದಿನ ಮೊದಲೇ ಒಬ್ಬೊಬ್ಬರಿಗೂ ಫೋನು.

ಬಣ್ಣದ ಕಾಲಮ್ಮಿಗೆ ಕಾರಣ ಉಂಟು. ಹಲ್ಲಿಗೆ ಅಂಟಿಸಿದ ಪುಟ್ಟ ಬ್ರಾಕೆಟ್ಟಿನ ಸೀಳಿನಲ್ಲಿ ತಂತಿಯನ್ನು ಕೂರಿಸಿ, ಅದರ ಮೇಲೆ ಉಂಗುರದಂಥ ಸಣ್ಣ ರಬ್ಬರು ಬಿಗಿಯುತ್ತಾರೆ. ಕಾಣಬಾರದೆಂದು ಪಾರದರ್ಶಕ ರಬ್ಬರು ಕೇಳಿದವರದ್ದು ಎರಡು ಮೂರು ಊಟಕ್ಕೆ ಅರಸಿನದ ಬಣ್ಣಕ್ಕೆ ತಿರುಗುತ್ತದೆ. ಮೀನು ಸಾರಿನ ಊರು ತಾನೇ! ಹಾಗಾಗಿ ಅಕ್ಕನ ಸಲಹೆ ನೀಲಿ, ಇಲ್ಲವೇ ಬೂದು.

ಆ ದಿನ ಕುರ್ಚಿಯಲ್ಲಿದ್ದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಕೆಳ ದವಡೆಯ ಒಂದು ಬ್ರಾಕೆಟ್ ಕಿತ್ತು ತಂತಿಯಲ್ಲೇ ನೇತಾಡುತ್ತಿತ್ತು.

"ಎಂತ ತಿಂದದ್ದು?"

"ಎಂತ ಇಲ್ಲ ಅಕ್ಕ."

"ಸಾಂತಾಣಿಯಾ? ಸತ್ಯ ಹೇಳು ಮಾರಾಯ್ತಿ."

ಸಾಂತಾಣಿಯೇ. ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜವನ್ನು ಮಳೆಗಾಲದಲ್ಲಿ ಜಗಿಯದ ಮಗು ಈ ಜಿಲ್ಲೆಯಲ್ಲಿ ಎಲ್ಲಿ ಸಿಗಬೇಕು? ಆದರೆ ಕ್ಲಿಪ್ ಇರುವವರಿಗೆ ಅದು ಬೇಡ, ಚಕ್ಕುಲಿಯೂ ಬೇಡ, ಕೋರಿ ರೊಟ್ಟಿಯನ್ನು ಸಾರಿನಲ್ಲಿ ಚೆನ್ನಾಗಿ ನೆನೆಸಿಯೇ ತಿನ್ನಬೇಕು. ಡಾಕ್ಟ್ರು ಬೈಯಲಿಲ್ಲ. ಹಳೆಯ ಅಂಟು ಉಜ್ಜಿ ತೆಗೆದರು, ಹಲ್ಲಿಗೆ ಆಸಿಡ್ ಜೆಲ್ ಹಚ್ಚಿ ಅರ್ಧ ನಿಮಿಷ ಬಿಟ್ಟು ತೊಳೆದರು. ಒಣಗಿಸಿದಾಗ ಆ ಜಾಗ ಸುಣ್ಣ ಬಳಿದಂತೆ ಬಿಳುಚಿತು. ಅಂಟು ಹಾಕಿ, ಬ್ರಾಕೆಟ್ ಇಟ್ಟು, ನೀಲಿ ಬೆಳಕು ಹಿಡಿದರು. ಹಲ್ಲಿಗೆ ಆಸಿಡ್ ಹಚ್ಚಿದರೆ ಅಂಟು ಗಟ್ಟಿ ಹಿಡಿಯುತ್ತದೆಂದು ಅಮೆರಿಕದ ಮೈಕೆಲ್ ಬ್ಯುನೊಕೋರ್ ತೋರಿಸಿದ್ದು 1955ರಲ್ಲಿ. ಅದಕ್ಕೂ ಮೊದಲು ಒಂದೊಂದು ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಿತ್ತು.

ಮೊದಮೊದಲು ಹಾಕುವ ನಿಕಲ್-ಟೈಟಾನಿಯಂ ತಂತಿ ಎಷ್ಟು ಬಗ್ಗಿಸಿದರೂ ತನ್ನ ಆಕಾರಕ್ಕೇ ಮರಳುತ್ತದೆ. ಅದರ ಮೂಲ ಅಮೆರಿಕದ ನೌಕಾಪಡೆಯ ಪ್ರಯೋಗಾಲಯ. ತಂತಿ ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸದು ತುಂಬುತ್ತದೆ. ಹಲ್ಲು ಸರಿಯುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು. ಆದ್ದರಿಂದಲೇ ಒಂದೂವರೆ ಎರಡು ವರ್ಷ.

ಇತಿಹಾಸವೆಂದರೆ, ಎಡ್ವರ್ಡ್ ಆ್ಯಂಗಲ್ ಎಂಬಾತ 1899ರಲ್ಲಿ ಹಲ್ಲು ಕೂರುವ ಬಗೆಯನ್ನು ಮೂರು ವರ್ಗ ಮಾಡಿದ. ಇವತ್ತಿಗೂ ಕೇಸ್ ಪೇಪರಿನಲ್ಲಿ ಬರೆಯುವುದು ಅದನ್ನೇ. ನಮ್ಮ ಕರಾವಳಿಗೆ ದಂತ ಕಾಲೇಜು ಬಂದದ್ದು 1965ರಲ್ಲಿ, ಮಣಿಪಾಲದಲ್ಲಿ. ದೇರಳಕಟ್ಟೆಯ ಎ.ಬಿ. ಶೆಟ್ಟಿ ಸ್ಮಾರಕ ದಂತ ಕಾಲೇಜು 1985ರದ್ದು. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದವರೂ ದಂತ ಕಾಲೇಜು ಕಟ್ಟಿದರು, ಆದರೆ ಘಟ್ಟದ ಮೇಲೆ, ಧಾರವಾಡದಲ್ಲಿ. ಸುತ್ತ ಇಷ್ಟು ಕಾಲೇಜುಗಳಿರುವುದರಿಂದಲೇ ತಾಲ್ಲೂಕು ಕೇಂದ್ರಗಳಿಗೆ ತಜ್ಞರು ಸಿಗುತ್ತಿದ್ದಾರೆ.

ಕಷ್ಟ ಬೇರೆಯೇ ಕಡೆ ಇದೆ. ದುಡ್ಡನ್ನು ಕಂತಿನಲ್ಲಿ ಕೊಡುವವರೇ ಹೆಚ್ಚು; ಕೆಲವರ ಕಂತು ಗಲ್ಫಿನಿಂದ ಬರಬೇಕು, ಕೆಲವರದ್ದು ಅಡಿಕೆ ಮಾರಿದ ಮೇಲೆ. ಅದನ್ನಾದರೂ ಕಾಯಬಹುದು. ಅರ್ಧದಲ್ಲಿ ಕಾಣೆಯಾಗುವ ಮಕ್ಕಳದ್ದು ದೊಡ್ಡ ಚಿಂತೆ. ಮೂಡುಬಿದಿರೆಯಲ್ಲಿ ಇದು ಇನ್ನೂ ವಿಚಿತ್ರ: ಆಳ್ವಾಸ್‌ನಂಥ ಸಂಸ್ಥೆಗಳ ಹಾಸ್ಟೆಲುಗಳಲ್ಲಿ ರಾಜ್ಯದ ಮೂಲೆಮೂಲೆಯ ಮಕ್ಕಳು. ಪಿಯುಸಿಗೆ ಬಂದಾಗ ಕ್ಲಿಪ್ ಹಾಕಿಸಿಕೊಂಡವರು ಎರಡು ವರ್ಷ ತುಂಬುವುದರೊಳಗೆ ಊರಿಗೆ ಹೊರಟಿರುತ್ತಾರೆ. ಕಬಡ್ಡಿ ಆಡುವವರಿಗೆ ಮೌತ್ ಗಾರ್ಡ್ ಬೇರೆ ಬೇಕು, ಇಲ್ಲದಿದ್ದರೆ ಬ್ರಾಕೆಟ್ಟಿಗೆ ತಾಗಿ ತುಟಿ ಹರಿಯುತ್ತದೆ.

ಇದನ್ನೆಲ್ಲ ಚಂದದ ಶೋಕಿ ಎನ್ನುವವರ ಮೇಲೆ ನನಗೆ ಸ್ವಲ್ಪ ಸಿಟ್ಟು. ಮುಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟದ ಹುಡುಗ ಚಪಾತಿಯನ್ನು ಕಚ್ಚಿ ತುಂಡು ಮಾಡಲಾರ, ಬಾಯಿಯ ಬದಿಗೆ ತುರುಕಬೇಕು. ಉಬ್ಬು ಹಲ್ಲಿನವರು ಬಿದ್ದರೆ ಮೊದಲು ಮುರಿಯುವುದು ಅದೇ ಹಲ್ಲು. ಸೀಳುತುಟಿ, ಸೀಳಂಗುಳದ ಮಕ್ಕಳಿಗಂತೂ ಆಪರೇಷನ್ ಆದ ಮೇಲೂ ವರ್ಷಗಟ್ಟಲೆ ಈ ಡಾಕ್ಟ್ರೇ ಗತಿ. ಇಂಥ ಕೆಲಸ ತಾಲ್ಲೂಕು ಆಸ್ಪತ್ರೆಯವರೆಗೂ ಬರಬಾರದೇಕೆ?

ಡಾಕ್ಟ್ರಿಗೆ ಖುಷಿ ಕೊಡುವುದು ಕ್ಲಿಪ್ ಬಿಚ್ಚುವ ದಿನ. ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ "ಜಾರ್ತದೆ" ಅನ್ನದ ಮಕ್ಕಳಿಲ್ಲವಂತೆ. ಆಮೇಲೆ ರಿಟೇನರ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಹೊರಳುತ್ತದೆ. ಅದನ್ನು ಹೋಟೆಲಿನ ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟು ಮರೆತು ಬರುವವರು ಬೇಕಾದಷ್ಟು ಮಂದಿ.

ಚಾರ್ಮಾಡಿ ಕಡೆಯ ಹೆದ್ದಾರಿಯಲ್ಲಿ ಕಾರು ಓಡಿಸಿ, ದಿನವಿಡೀ ಬಾಯಿಗಳ ಮೇಲೆ ಬಗ್ಗಿ ಡಾಕ್ಟ್ರ ಬೆನ್ನು ಸೋತಿದೆ. ಬೆಳ್ತಂಗಡಿಯನ್ನು ಬಿಡಬೇಕು ಎನ್ನುತ್ತಿದ್ದಾರೆ. ಬಿಡುವುದೆಂದರೆ ಹೊಸ ಕೇಸು ತೆಗೆದುಕೊಳ್ಳದೆ, ಇರುವವರನ್ನು ಮುಗಿಸಿ ಹೋಗುವುದು. ಅದಕ್ಕೇ ಎರಡು ವರ್ಷ. ಅಷ್ಟರಲ್ಲಿ ಈಗಿನ ಹುಡುಗಿಯ ತಂಗಿಗೆ ಹಲ್ಲು ಹುಟ್ಟಿರುತ್ತದೆ, ಅವಳೂ ತನ್ನ ಅಕ್ಕನ ಜೊತೆ ಅದೇ ಬಸ್ಸಿನಲ್ಲಿ ಬಂದು ಕೂರುತ್ತಾಳೆ, ಅವಳಿಗೆ ಇಲ್ಲ ಅನ್ನುವುದು ಹೇಗೆ ಎಂದು ಡಾಕ್ಟ್ರು ನನ್ನನ್ನೇ ಕೇಳಿದರು.